ಮಗನ ಸಾವಿನಿಂದ ಹುಟ್ಟಿದ ಕ್ಯಾನ್ಸರ್ ಸಿದ್ಧಾಂತ: ಡಾ. ಹಾಮರ್ ಅವರ ‘ಹೊಸ ವೈದ್ಯಪದ್ಧತಿ’ಯ ಹಿನ್ನೆಲೆ

1978ರ ಆಗಸ್ಟ್ 18ರಂದು, ಕಾರ್ಸಿಕಾ ಸಮೀಪದ ಕವಾಲ್ಲೊ ದ್ವೀಪದ ಬಳಿ ಲಂಗರು ಹಾಕಿದ್ದ ದೋಣಿಯೊಂದರಲ್ಲಿ ಮಲಗಿದ್ದ 19 ವರ್ಷದ ಜರ್ಮನ್ ಯುವಕ ಡಿರ್ಕ್ ಹಾಮರ್‌ಗೆ ಗುಂಡು ತಗುಲಿತು. ಇಟಲಿಯ ಕೊನೆಯ ದೊರೆಯ ಮಗ ವಿಟ್ಟೋರಿಯೊ ಎಮಾನುಯೆಲೆ, ತಮ್ಮ ರಬ್ಬರ್ ದೋಣಿಯನ್ನು ಯಾರೋ ಕೇಳದೆ ಒಯ್ದರೆಂಬ ಸಿಟ್ಟಿನಲ್ಲಿ ಬಂದೂಕು ಹಿಡಿದು ಬಂದಿದ್ದರು. ಆ ಜಗಳಕ್ಕೂ ಡಿರ್ಕ್‌ಗೂ ಯಾವ ಸಂಬಂಧವೂ ಇರಲಿಲ್ಲ. ಕಾಲನ್ನು ಕತ್ತರಿಸಿ ತೆಗೆದರೂ ಅವನು ಉಳಿಯಲಿಲ್ಲ, ಡಿಸೆಂಬರ್ 7ರಂದು ತೀರಿಕೊಂಡ. ಹದಿಮೂರು ವರ್ಷಗಳ ನಂತರ, 1991ರಲ್ಲಿ, ಪ್ಯಾರಿಸ್‌ನ ನ್ಯಾಯಾಲಯ ಎಮಾನುಯೆಲೆ ಅವರನ್ನು ಸಾವಿನ ಆರೋಪದಿಂದ ಖುಲಾಸೆಗೊಳಿಸಿ, ಅಕ್ರಮವಾಗಿ ಬಂದೂಕು ಇಟ್ಟುಕೊಂಡಿದ್ದಕ್ಕಷ್ಟೇ ಶಿಕ್ಷೆ ವಿಧಿಸಿತು.

ಡಿರ್ಕ್‌ನ ತಂದೆ ರೀಕೆ ಗೇರ್ಟ್ ಹಾಮರ್ 1935ರಲ್ಲಿ ಹುಟ್ಟಿದವರು. ದೇವತಾಶಾಸ್ತ್ರವನ್ನೂ ವೈದ್ಯಶಾಸ್ತ್ರವನ್ನೂ ಓದಿ ವೈದ್ಯರಾಗಿದ್ದವರು. ಮಗ ಸತ್ತ ಕೆಲವೇ ತಿಂಗಳಲ್ಲಿ ಅವರಿಗೆ ವೃಷಣದ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ಈ ರೋಗ ಬಂದದ್ದು ಮಗನನ್ನು ಕಳೆದುಕೊಂಡ ಆಘಾತದಿಂದಲೇ ಇರಬಹುದೇ ಎಂದು ಅವರಿಗೆ ಅನ್ನಿಸಿತು. ಅಂಥ ಸ್ಥಿತಿಯಲ್ಲಿ ಯಾವ ತಂದೆಗೂ ಹಾಗೆ ಅನ್ನಿಸದೆ ಇರದು, ಮತ್ತು ಆ ಪ್ರಶ್ನೆಯಲ್ಲಿ ತಪ್ಪೂ ಇರಲಿಲ್ಲ. ತಪ್ಪು ಆರಂಭವಾದದ್ದು ಅದನ್ನು ಪರೀಕ್ಷೆಗೆ ಒಡ್ಡುವ ಮೊದಲೇ ನಿಯಮವೆಂದು ಘೋಷಿಸಿದಾಗ. ಹಾಮರ್ ಅವರ ಗೆಡ್ಡೆಯನ್ನು ತೆಗೆದದ್ದು ಶಸ್ತ್ರಚಿಕಿತ್ಸೆ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಮುಂದೆ ಅವರು ತಮ್ಮ ರೋಗಿಗಳಿಗೆ ಬೇಡವೆಂದ ಚಿಕಿತ್ಸೆಗಳ ಸಾಲಿಗೆ ಸೇರಿದ್ದೇ ಅದು.

1981ರಲ್ಲಿ ಅವರು ತಮ್ಮ ಸಿದ್ಧಾಂತವನ್ನು ಪ್ರಬಂಧವಾಗಿ ಟ್ಯೂಬಿಂಗನ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದರು. ಮರುವರ್ಷ ಅದು ತಿರಸ್ಕೃತವಾಯಿತು. ಅದರ ಪ್ರಕಾರ ಪ್ರತಿಯೊಂದು ಕ್ಯಾನ್ಸರಿನ ಹಿಂದೆಯೂ ಅನಿರೀಕ್ಷಿತವಾಗಿ ಎರಗಿದ, ವ್ಯಕ್ತಿ ಒಂಟಿಯಾಗಿ ಅನುಭವಿಸಿದ ಮಾನಸಿಕ ಆಘಾತವೊಂದು ಇರುತ್ತದೆ. ಇದಕ್ಕೆ ಅವರು ಮಗನ ಹೆಸರನ್ನೇ ಇಟ್ಟು ‘ಡಿರ್ಕ್ ಹಾಮರ್ ಸಿಂಡ್ರೋಮ್’ ಎಂದು ಕರೆದರು. ಆಘಾತದ ಬಗೆಗೆ ತಕ್ಕಂತೆ ರೋಗದ ಜಾಗವೂ ನಿರ್ಧಾರವಾಗುತ್ತದೆಂಬುದು ಅವರ ವಾದ: ಬಲಗೈ ಬಳಸುವ ಮಹಿಳೆಯ ಎಡಸ್ತನದಲ್ಲಿ ಗೆಡ್ಡೆ ಕಂಡರೆ ಅದು ತಾಯಿ-ಮಗುವಿನ ಸಂಘರ್ಷ, ಬಲಸ್ತನದಲ್ಲಾದರೆ ಸಂಗಾತಿಯೊಡನೆ ಆದ ಸಂಘರ್ಷ. ಸಂಘರ್ಷ ಬಗೆಹರಿದರೆ ದೇಹ ತಾನಾಗಿ ಗುಣವಾಗುತ್ತದೆ. ಆ ಹಂತದಲ್ಲಿ ಕಾಣುವ ಊತ, ನೋವು, ಸೋಂಕುಗಳೆಲ್ಲ ವಾಸಿಯಾಗುತ್ತಿರುವ ಲಕ್ಷಣಗಳು. ಕ್ಯಾನ್ಸರ್ ಒಂದು ಅಂಗದಿಂದ ಇನ್ನೊಂದಕ್ಕೆ ಹರಡುವುದೇ ಇಲ್ಲ. ಶ್ವಾಸಕೋಶದಲ್ಲಿ ಹೊಸ ಗೆಡ್ಡೆ ಕಂಡರೆ ಅದಕ್ಕೆ ಕಾರಣ ವೈದ್ಯರು ರೋಗದ ಹೆಸರು ಹೇಳಿ ಹುಟ್ಟಿಸಿದ ಸಾವಿನ ಭಯ. ನೋವಿಗೆ ಮಾರ್ಫಿನ್ ಕೊಡುವುದನ್ನೂ ಅವರು ಮಾರಕವೆಂದು ವಿರೋಧಿಸಿದರು. ಈ ಇಡೀ ಸಿದ್ಧಾಂತದಲ್ಲಿ ಅತ್ಯಂತ ಕ್ರೂರವಾದ ಭಾಗ ಇದೇ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಉಳಿಯುವ ಆಸೆಯಿಲ್ಲದ ರೋಗಿಗೂ ಇದು ಕೊನೆಯ ನೆಮ್ಮದಿಯನ್ನು ನಿರಾಕರಿಸುತ್ತದೆ.

ಹೀಗೆ ಕಟ್ಟಿದ ಸಿದ್ಧಾಂತವನ್ನು ಯಾವ ಸಾವೂ ಅಲುಗಾಡಿಸಲಾರದು. ರೋಗಿ ಚೇತರಿಸಿಕೊಂಡರೆ ಸಂಘರ್ಷ ಬಗೆಹರಿದಿದೆ, ಸತ್ತರೆ ಬಗೆಹರಿದಿರಲಿಲ್ಲ. ಸೋಲಿನ ಹೊಣೆ ಸದಾ ರೋಗಿಯ ಮನಸ್ಸಿನ ಮೇಲೆಯೇ ಬೀಳುತ್ತದೆ. ಹಾಮರ್ ಮುಂದಿಟ್ಟ ಕಣ್ಣಿಗೆ ಕಾಣುವ ಪುರಾವೆಯೆಂದರೆ ಮೆದುಳಿನ ಸಿ.ಟಿ. ಸ್ಕ್ಯಾನ್‌ನಲ್ಲಿ ತೋರುವ ಉಂಗುರಗಳು. ಆದರೆ ಆ ಯಂತ್ರದ ಸಂವೇದಕ ರೋಗಿಯ ಸುತ್ತ ತಿರುಗುತ್ತಿರುವಾಗ ಅದರ ಒಂದು ಬಿಂದು ಸರಿಯಾದ ಅಳತೆ ಕೊಡದಿದ್ದರೂ ಆ ದೋಷ ಚಿತ್ರದಲ್ಲಿ ವೃತ್ತವಾಗಿ ಮೂಡುತ್ತದೆ. ವಿಕಿರಣ ತಜ್ಞರಿಗೆ ಇದು ಚಿರಪರಿಚಿತ ಯಂತ್ರದೋಷ.

ದುಃಖ ಕ್ಯಾನ್ಸರ್ ತರುತ್ತದೆಯೇ ಎಂಬ ಮೂಲಪ್ರಶ್ನೆಯನ್ನು ಬೇರೆಯವರು ಶ್ರದ್ಧೆಯಿಂದ ಪರಿಶೀಲಿಸಿದ್ದಾರೆ. ಡೆನ್ಮಾರ್ಕಿನಲ್ಲಿ ಮಕ್ಕಳನ್ನು ಕಳೆದುಕೊಂಡ ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ತಂದೆ-ತಾಯಂದಿರನ್ನು ದಾಖಲೆಗಳ ಮೂಲಕ ಗಮನಿಸಿದ, 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಾಯಂದಿರಲ್ಲಿ ಅಲ್ಪ ಏರಿಕೆ ಕಂಡಿತು. ಅದೂ ಮುಖ್ಯವಾಗಿ ಧೂಮಪಾನಕ್ಕೆ ಸಂಬಂಧಿಸಿದ ಕ್ಯಾನ್ಸರುಗಳಲ್ಲಿ. ದುಃಖ ಬದುಕಿನ ರೀತಿಯನ್ನು ಕೆಡಿಸಿ, ಅದರ ಮೂಲಕ ದೇಹವನ್ನು ತಟ್ಟಬಹುದು ಎಂಬುದರ ಸೂಚನೆ ಅಲ್ಲಿದೆ. ಒಂದು ಆಘಾತಕ್ಕೆ ಒಂದು ಗೆಡ್ಡೆ ಎಂಬ ಲೆಕ್ಕ ಅಲ್ಲಿಲ್ಲ.

1986ರಲ್ಲಿ ಜರ್ಮನಿ ಹಾಮರ್ ಅವರ ವೈದ್ಯ ಪರವಾನಗಿಯನ್ನು ರದ್ದುಪಡಿಸಿತು. ಅವರು ನಿಲ್ಲಿಸಲಿಲ್ಲ. 1995ರಲ್ಲಿ ಆಸ್ಟ್ರಿಯಾದ ಆರು ವರ್ಷದ ಹುಡುಗಿಯೊಬ್ಬಳಿಗೆ ಮೂತ್ರಪಿಂಡದ ವಿಲ್ಮ್ಸ್ ಗೆಡ್ಡೆ ಇರುವುದು ತಿಳಿಯಿತು. ಸಕಾಲದಲ್ಲಿ ಚಿಕಿತ್ಸೆ ಕೊಟ್ಟರೆ ಬಹುಪಾಲು ಮಕ್ಕಳು ಬದುಕುಳಿಯುವ ಕಾಯಿಲೆಯದು. ತಂದೆ-ತಾಯಿ ಕೀಮೊಥೆರಪಿಗೆ ಒಪ್ಪದೆ ಅವಳನ್ನು ಸ್ಪೇನಿಗೆ, ಹಾಮರ್ ಅವರ ಬಳಿಗೆ ಕರೆದೊಯ್ದರು. ವಾರಗಟ್ಟಲೆ ನಡೆದ ಮಾತುಕತೆಯ ನಂತರ ಅವಳು ಮರಳುವ ಹೊತ್ತಿಗೆ ಗೆಡ್ಡೆ ಸುಮಾರು ನಾಲ್ಕು ಕಿಲೊ ತೂಗುವಷ್ಟು ಬೆಳೆದಿತ್ತು. ನ್ಯಾಯಾಲಯದ ಆದೇಶದಂತೆ ಕೀಮೊಥೆರಪಿ, ಶಸ್ತ್ರಚಿಕಿತ್ಸೆ ನಡೆದು ಮಗು ಬದುಕಿತು.

1997ರಲ್ಲಿ ಜರ್ಮನಿಯ ಕಲೋನ್ ನಗರದ ನ್ಯಾಯಾಲಯ ಹಾಮರ್ ಅವರಿಗೆ 19 ತಿಂಗಳ ಸೆರೆವಾಸ ವಿಧಿಸಿತು. ಮುಂದೆ ಫ್ರಾನ್ಸಿನಲ್ಲಿ ಮೂರು ವರ್ಷಗಳ ಶಿಕ್ಷೆಯಾಯಿತು. 2004ರಲ್ಲಿ ಸ್ಪೇನಿನಲ್ಲಿ ಬಂಧಿತರಾದ ಅವರನ್ನು ಫ್ರಾನ್ಸಿಗೆ ಒಪ್ಪಿಸಲಾಯಿತು. ಈ ವರ್ಷಗಳಲ್ಲಿ ಅವರ ಮಾತು ಇನ್ನಷ್ಟು ಕತ್ತಲಿಗೆ ಇಳಿಯಿತು. ತಮ್ಮ ಪದ್ಧತಿಗೆ ‘ಜರ್ಮಾನಿಕ್ ಹೊಸ ವೈದ್ಯ’ ಎಂದು ಹೆಸರಿಟ್ಟು, ಯಹೂದಿಗಳು ಇದನ್ನು ತಮಗಾಗಿ ಗುಟ್ಟಾಗಿ ಬಳಸಿಕೊಂಡು ಉಳಿದವರನ್ನು ಕೀಮೊಥೆರಪಿಯಿಂದ ಕೊಲ್ಲುತ್ತಿದ್ದಾರೆಂದು ಆರೋಪಿಸಿದರು. ಯಹೂದಿಗಳ ನರಮೇಧ ನಡೆದ ನಾಡಿನವರೊಬ್ಬರು ಆಡಿದ ಈ ಮಾತನ್ನು ವೃದ್ಧನೊಬ್ಬನ ಭ್ರಮೆಯೆಂದು ಬದಿಗಿಡಲು ನನಗೆ ಸಾಧ್ಯವಿಲ್ಲ.

ಪರ್ಯಾಯ ಚಿಕಿತ್ಸೆಯನ್ನಷ್ಟೇ ನೆಚ್ಚಿಕೊಂಡರೆ ಆಗುವ ನಷ್ಟವನ್ನು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಲೆಕ್ಕ ಹಾಕಿದ್ದಾರೆ. ಹರಡದ ಹಂತದಲ್ಲಿದ್ದ ಕ್ಯಾನ್ಸರಿಗೆ ಇಂಥ ದಾರಿ ಹಿಡಿದ 281 ರೋಗಿಗಳಲ್ಲಿ ಸಾವಿನ ಅಪಾಯ, ರೂಢಿಯ ಚಿಕಿತ್ಸೆ ಪಡೆದವರಿಗಿಂತ ಎರಡೂವರೆ ಪಟ್ಟು ಹೆಚ್ಚಿತ್ತು. ಸ್ತನ ಕ್ಯಾನ್ಸರಿನಲ್ಲಿ ಐದು ಪಟ್ಟಿಗೂ ಮೀರಿತ್ತು.

ಕೊನೆಯ ವರ್ಷಗಳನ್ನು ನಾರ್ವೆಯಲ್ಲಿ ಕಳೆದ ಹಾಮರ್ 2017ರ ಜುಲೈ 2ರಂದು ನಿಧನರಾದರು. ಆಸ್ಟ್ರಿಯಾದ ಆ ಹುಡುಗಿ ಬೆಳೆದು ದೊಡ್ಡವಳಾದಳು. ಅವಳ ತಂದೆ ಮಾತ್ರ, ಮಗಳು ಆಸ್ಪತ್ರೆಯ ಚಿಕಿತ್ಸೆಯಿಂದ ಉಳಿದ ಮೇಲೂ, ಹಾಮರ್ ಅವರ ಸಿದ್ಧಾಂತವನ್ನು ವರ್ಷಗಟ್ಟಲೆ ಪ್ರಚಾರ ಮಾಡುತ್ತ ಬಂದರು.