ಗ್ರಹಣ ಇಲ್ಲದ ದಿನ ಒನಕೆ ನಿಲ್ಲುತ್ತಾ?

ಓದುಗರ ಪ್ರಶ್ನೆ: ಗ್ರಹಣ ಹಿಡಿದಾಗ ನಮ್ಮೂರಲ್ಲಿ ತಟ್ಟೆಗೆ ಅರಿಶಿನದ ನೀರು ಹಾಕಿ, ಅದರೊಳಗೆ ಒನಕೆ ನಿಲ್ಲಿಸುತ್ತಾರೆ. ಯಾವ ಆಸರೆಯೂ ಇಲ್ಲದೆ ನಿಲ್ಲುತ್ತದೆ. ನಾನೇ ಕಣ್ಣಾರೆ ನೋಡಿದ್ದೇನೆ. ಗ್ರಹಣ ಬಿಟ್ಟ ಕೂಡಲೇ ಬಿದ್ದುಹೋಗುತ್ತದಂತೆ. ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬಂದಾಗ ಸೆಳೆತ ಬದಲಾಗುವುದರಿಂದ ಹೀಗಾಗುತ್ತದೆ ಅಂತ ಅಣ್ಣ ಹೇಳುತ್ತಾನೆ. ನಿಜವೇ?

ಉತ್ತರ: ನೀವು ನೋಡಿದ್ದು ನಿಜ. ಒನಕೆ ನಿಂತಿದ್ದು ಸುಳ್ಳಲ್ಲ, ಅದರಲ್ಲಿ ಮೋಸವೂ ಇಲ್ಲ. ಆದರೆ ಅದೇ ಒನಕೆ ನಾಳೆಯೂ ನಿಲ್ಲುತ್ತದೆ, ಮುಂದಿನ ಮಂಗಳವಾರವೂ ನಿಲ್ಲುತ್ತದೆ. ಆ ದಿನಗಳಲ್ಲಿ ಯಾರೂ ನಿಲ್ಲಿಸಿ ನೋಡಿಲ್ಲ, ಅಷ್ಟೇ.

ಗ್ರಹಣ ಬಂದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. 2020ರ ಜೂನ್ 21ರ ಸೂರ್ಯಗ್ರಹಣಕ್ಕೂ ಬಂತು, 2022ರ ದೀಪಾವಳಿ ಹೊತ್ತಿಗೆ ಅಕ್ಟೋಬರ್ 25ರಂದು ಆದ ಗ್ರಹಣಕ್ಕೂ ಬಂತು. ವಾಟ್ಸ್ಆ್ಯಪ್ ತುಂಬ ನಿಂತ ಒನಕೆಗಳ ವಿಡಿಯೋ. ಆಂಧ್ರ, ತಮಿಳುನಾಡಿನಲ್ಲೂ ಈ ರೂಢಿ ಇದೆ. ಇಷ್ಟೊಂದು ಜನ ನೋಡಿದ್ದನ್ನು 'ಮೂಢನಂಬಿಕೆ' ಅಂತ ಒಂದೇ ಮಾತಲ್ಲಿ ತಳ್ಳಿಹಾಕುವುದು ನನಗೆ ಇಷ್ಟವಿಲ್ಲ. ಒನಕೆ ಮನೆಯಲ್ಲೇ ಇದೆ, ತಟ್ಟೆಯೂ ಇದೆ. ನಿಲ್ಲಿಸಿ ನೋಡೋಣ, ಅಲ್ವಾ?

ಮೊದಲು ಒನಕೆಯನ್ನು ತಲೆಕೆಳಗು ಮಾಡಿ ಬುಡ ನೋಡಿ. ತುದಿಗೆ ಕಬ್ಬಿಣದ ಬಳೆ ಇರುತ್ತದೆ. ಕೆಲವು ಒನಕೆಗಳಲ್ಲಿ ಬಳೆಯ ಅಂಚು ಮರಕ್ಕಿಂತ ಕೂದಲೆಳೆಯಷ್ಟು ಮುಂದೆ ಬಂದಿರುತ್ತದೆ. ಅಂಥ ಒನಕೆ ನೆಲಕ್ಕೆ ತಾಗುವುದು ಬರೀ ಬಳೆಯ ಸುತ್ತಿನಲ್ಲಿ. ನಿಲ್ಲುವುದಕ್ಕೆ ಅದಕ್ಕಿಂತ ಒಳ್ಳೆಯ ಬುಡ ಬೇಡ. ಕುಟ್ಟಿ ಕುಟ್ಟಿ ಬುಡ ಗುಂಡಗಾಗಿದ್ದರೆ ಮಾತ್ರ ಕಷ್ಟ. ಅಂಥದ್ದು ಗ್ರಹಣದ ದಿನವೂ ನಿಲ್ಲುವುದಿಲ್ಲ. ಅದರ ವಿಡಿಯೋವನ್ನು ಯಾರೂ ಕಳಿಸುವುದಿಲ್ಲ.

ಈಗ ಸ್ವಲ್ಪ ಲೆಕ್ಕ. ಯಾವುದೇ ವಸ್ತುವಿನ ಗುರುತ್ವ ಕೇಂದ್ರ, ಅಂದರೆ ಅದರ ಭಾರವೆಲ್ಲ ಒಂದೇ ಕಡೆ ಸೇರಿದೆ ಅಂತ ಲೆಕ್ಕ ಹಿಡಿಯಬಹುದಾದ ಬಿಂದು, ಅದರ ಬುಡದ ಮೇಲ್ಗಡೆಯೇ ಇರುವವರೆಗೆ ಅದು ಬೀಳುವುದಿಲ್ಲ. ಬುಡದ ಅಂಚು ದಾಟಿ ಆಚೆ ಹೋದರೆ ಬೀಳುತ್ತದೆ. ಒನಕೆ ನಾಲ್ಕು ಅಡಿ, ಅಂದರೆ ಸುಮಾರು 120 ಸೆಂಟಿಮೀಟರ್ ಉದ್ದ ಇದೆ ಅನ್ನಿ. ಬುಡ 5 ಸೆಂಟಿಮೀಟರ್ ಅಗಲ. ಗುರುತ್ವ ಕೇಂದ್ರ ನಡುಮಧ್ಯದಲ್ಲಿ, 60 ಸೆಂಟಿಮೀಟರ್ ಎತ್ತರದಲ್ಲಿ. ಲೆಕ್ಕ ಹಾಕಿದರೆ ಒನಕೆ ಎರಡು ಡಿಗ್ರಿಗಿಂತ ಸ್ವಲ್ಪ ಜಾಸ್ತಿ ವಾಲುವವರೆಗೂ ಬೀಳಬೇಕಾಗಿಲ್ಲ. ಡಿಗ್ರಿ ಲೆಕ್ಕದಲ್ಲಿ ಇದು ತೀರಾ ಕಡಿಮೆ ಅನ್ನಿಸುತ್ತದೆ. ಆದರೆ ಒನಕೆಯ ಮೇಲ್ತುದಿಯಲ್ಲಿ ಅದು ಹೆಚ್ಚುಕಡಿಮೆ 5 ಸೆಂಟಿಮೀಟರ್! ಯಾವ ಕಡೆಗೆ ವಾಲಿದರೂ ಮೂರು ಬೆರಳಿನಷ್ಟು ಅವಕಾಶ ಇದೆ. ತಾಳ್ಮೆ ಇರುವ ಕೈಗೆ ಇಷ್ಟು ಸಾಕು.

ಈ ಲೆಕ್ಕದಲ್ಲಿ ಇನ್ನೊಂದು ವಿಷಯ ಇದೆ. ನಿಮ್ಮ ಅಣ್ಣನಿಗೆ ಇದನ್ನೇ ತೋರಿಸಿ. ಇದರಲ್ಲಿ ಉದ್ದ ಬಂತು, ಅಗಲ ಬಂತು. ಭೂಮಿಯ ಸೆಳೆತ ಎಲ್ಲೂ ಬರಲಿಲ್ಲ. ಸೆಳೆತ ಅರ್ಧವಾಗಲಿ, ಎರಡು ಪಟ್ಟಾಗಲಿ, ಒನಕೆ ಎಷ್ಟು ವಾಲಿದರೆ ಬೀಳುತ್ತದೆ ಅನ್ನುವುದು ಬದಲಾಗುವುದಿಲ್ಲ. ಸೆಳೆತ ಇಲ್ಲಿಯ ಆರನೇ ಒಂದು ಭಾಗದಷ್ಟೇ ಇರುವ ಚಂದ್ರನ ಮೇಲೆ ನಿಲ್ಲಿಸಿದರೂ ಅದೇ ಎರಡು ಚಿಲ್ಲರೆ ಡಿಗ್ರಿ. ಬೀಳುವಾಗ ನಿಧಾನಕ್ಕೆ ಬೀಳುತ್ತದೆ, ಅಷ್ಟೇ ವ್ಯತ್ಯಾಸ.

ಇರಲಿ, ಸೆಳೆತ ನಿಜವಾಗಿ ಎಷ್ಟು ಬದಲಾಗುತ್ತದೆ ಅಂತಲೂ ನೋಡಿಬಿಡೋಣ. ಸೂರ್ಯ, ಚಂದ್ರ ಎರಡೂ ಸೇರಿ ನೆಲದ ಮೇಲಿನ ವಸ್ತುವಿನ ತೂಕವನ್ನು ಹೆಚ್ಚೆಂದರೆ ಒಂದು ಕೋಟಿಯಲ್ಲಿ ಎರಡು ಪಾಲಿನಷ್ಟು ಬದಲಿಸಬಲ್ಲವು. ಅಷ್ಟೂ ಇಲ್ಲ, ಸ್ವಲ್ಪ ಕಡಿಮೆಯೇ. ಮೂರು ಕಿಲೋ ಒನಕೆಗೆ ಅದು ಸುಮಾರು ಅರ್ಧ ಮಿಲಿಗ್ರಾಂ. ಒಂದು ರಾಗಿ ಕಾಳು ಎರಡೂವರೆ ಮಿಲಿಗ್ರಾಂ ತೂಗುತ್ತದೆ. ಒನಕೆಯ ತುದಿಯಲ್ಲಿ ರಾಗಿ ಕಾಳಿನ ಐದನೇ ಒಂದು ಪಾಲು ಇಟ್ಟರೂ ತೆಗೆದರೂ ಒನಕೆಗೆ ಏನಾಗಬೇಕು?

'ಸಮುದ್ರವನ್ನೇ ಎಳೆಯುವ ಚಂದ್ರ ಒನಕೆಯನ್ನು ಎಳೆಯುವುದಿಲ್ಲವೇ' ಅಂತ ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ಸಾವಿರಾರು ಕಿಲೋಮೀಟರ್ ಹರಡಿಕೊಂಡಿರುವ ನೀರಿನ ಮೇಲೆ ಈ ಸಣ್ಣ ಸೆಳೆತ ಬೇರೆ ಬೇರೆ ಕಡೆ ಬೇರೆ ಬೇರೆಯಾಗಿ ಬೀಳುತ್ತದೆ. ಆಗ ನೀರು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿದು ಉಬ್ಬರ ಆಗುತ್ತದೆ. ನಾಲ್ಕಡಿ ಒನಕೆಯಲ್ಲಿ ಹಾಗೆ ಸರಿಯುವುದಕ್ಕೆ ಏನೂ ಇಲ್ಲ. ಅಲ್ಲದೆ ಉಬ್ಬರ ಜಾಸ್ತಿಯಾಗುವುದು ಗ್ರಹಣಕ್ಕೆ ಮಾತ್ರವಲ್ಲ. ಪ್ರತಿ ಅಮಾವಾಸ್ಯೆ, ಹುಣ್ಣಿಮೆಗೂ ಆಗುತ್ತದೆ. ನಮ್ಮ ಕರಾವಳಿಯ ಮೀನುಗಾರರಿಗೆ ಇದು ಚೆನ್ನಾಗಿ ಗೊತ್ತು. ಅಂದಮೇಲೆ ಒನಕೆ ನಿಲ್ಲಿಸುವುದು ಆ ಸೆಳೆತವೇ ಆಗಿದ್ದರೆ, ಅದು ಪ್ರತಿ ಅಮಾವಾಸ್ಯೆಗೂ ಕೆಲಸ ಮಾಡಬೇಕಿತ್ತು. 2024ರ ಏಪ್ರಿಲ್ 8ರಂದು ಅಮೆರಿಕ, ಮೆಕ್ಸಿಕೊ ಕಡೆ ಪೂರ್ಣ ಸೂರ್ಯಗ್ರಹಣ ಆಯಿತು. ಸೂರ್ಯ, ಚಂದ್ರ ಸಾಲಾಗಿ ನಿಂತಿದ್ದು ಇಡೀ ಭೂಮಿಗೇ. ನಮಗೆ ಆಗ ರಾತ್ರಿ. ಅವತ್ತು ಇಲ್ಲಿ ಒನಕೆಯ ಸುದ್ದಿಯನ್ನು ಯಾರೂ ಎತ್ತಲಿಲ್ಲ.

ಈಗ ಪ್ರಯೋಗಕ್ಕೆ ಬರೋಣ. ಲೆಕ್ಕಕ್ಕಿಂತ ನನಗೆ ಇದರ ಮೇಲೆಯೇ ಹೆಚ್ಚು ಪ್ರೀತಿ.

ಗ್ರಹಣದ ದಿನ ಒನಕೆ ನಿಲ್ಲಿಸುವುದು ಅರ್ಧ ಪ್ರಯೋಗ. ಗ್ರಹಣ ಇಲ್ಲದ ದಿನ ನಿಲ್ಲಿಸುವುದು ಉಳಿದರ್ಧ. ಎರಡೂ ಸಲ ಒನಕೆ ಅದೇ ಇರಬೇಕು, ತಟ್ಟೆ ಅದೇ ಇರಬೇಕು. ನೆಲದ ಜಾಗವೂ ಅದೇ, ನಿಲ್ಲಿಸುವವರೂ ಅವರೇ. ಎಷ್ಟು ಹೊತ್ತು ಪ್ರಯತ್ನಿಸಬೇಕು ಅಂತ ಮೊದಲೇ ಗೊತ್ತುಮಾಡಿಕೊಳ್ಳಿ. ಹತ್ತು ನಿಮಿಷ ಅಂದರೆ ಎರಡೂ ದಿನ ಹತ್ತು ನಿಮಿಷ. ಗ್ರಹಣದ ದಿನ ಅರ್ಧ ಗಂಟೆ ಒದ್ದಾಡಿ, ಮಾಮೂಲಿ ದಿನ ಎರಡೇ ಸಲ ನೋಡಿ 'ನಿಲ್ಲಲಿಲ್ಲ' ಅಂದರೆ ಅದು ನ್ಯಾಯವಲ್ಲ. ಎಷ್ಟನೇ ಸಲಕ್ಕೆ ನಿಂತಿತು ಅಂತ ಬರೆದಿಡಿ. ನೀರು ಹಾಕಿ ಒಮ್ಮೆ, ಹಾಕದೆ ಒಮ್ಮೆ ನೋಡಿ. ನೀರಿಗೆ ಇಲ್ಲಿ ಹೇಳಿಕೊಳ್ಳುವಂಥ ಕೆಲಸ ಇಲ್ಲ ಅಂತ ಆಗ ಗೊತ್ತಾಗುತ್ತದೆ.

ನಿಲ್ಲಿಸುವ ರೀತಿಯೂ ಮುಖ್ಯ. ಎರಡೂ ಕೈಗಳಿಂದ ಒನಕೆಯ ನಡುವಿಗಿಂತ ಸ್ವಲ್ಪ ಮೇಲೆ ಹಿಡಿಯಿರಿ. ಗಟ್ಟಿಯಾಗಿ ಹಿಡಿಯಬೇಡಿ. ಬೆರಳು ಸಡಿಲ ಬಿಟ್ಟರೆ ಅದು ಯಾವ ಕಡೆಯ ಬೆರಳಿಗೆ ಒರಗುತ್ತಿದೆ ಅಂತ ತಿಳಿಯುತ್ತದೆ. ಅದಕ್ಕೆ ಎದುರು ಬದಿಗೆ ಚೂರೇ ಚೂರು ತಳ್ಳಿ. ಒಂದು ಗಳಿಗೆಯಲ್ಲಿ ಯಾವ ಬೆರಳಿಗೂ ಭಾರ ತಾಗುವುದಿಲ್ಲ. ಆಗ ಉಸಿರು ಬಿಗಿಹಿಡಿದು ಕೈ ಅಗಲಿಸಿ. ಆಗದಿದ್ದರೆ ಒನಕೆಯನ್ನು ಕಾಲು ಸುತ್ತು ತಿರುಗಿಸಿ ಮತ್ತೆ ನೋಡಿ, ಬುಡ ಸರಿಯಾಗಿ ಕೂರುವ ಕಡೆ ಸಿಗುತ್ತದೆ. ನಾನು ಮಾಮೂಲಿ ದಿನಗಳಲ್ಲಿ ಹೀಗೇ ನಿಲ್ಲಿಸಿದ್ದೇನೆ. ಮೊದಲ ಸಲಕ್ಕೇ ನಿಲ್ಲುವುದು ಅಪರೂಪ. ನಿಂತಾಗ ಆಗುವ ಖುಷಿ ಮಾತ್ರ ದೊಡ್ಡದು. ಚಿಕ್ಕ ಮಕ್ಕಳನ್ನು ದೂರ ಕೂರಿಸಿ, ಕಾಲ ಮೇಲೆ ಬಿದ್ದರೆ ಬೆರಳು ಮುರಿಯಬಹುದು.

ಫ್ಲಾಟಿನಲ್ಲಿ ಒನಕೆ ಎಲ್ಲಿಂದ ತರಲಿ ಅನ್ನುವವರು ಹೊಸ ಪೆನ್ಸಿಲ್ ತೆಗೆದುಕೊಳ್ಳಿ. ಚೂಪು ಮಾಡಿರಬಾರದು, ಎರಡೂ ತುದಿ ಚಪ್ಪಟೆ ಇರಬೇಕು. ಉದ್ದ ಸುಮಾರು 18 ಸೆಂಟಿಮೀಟರ್, ಅಗಲ 7 ಮಿಲಿಮೀಟರ್. ಉದ್ದ ಅಗಲದ ಲೆಕ್ಕ ಹಾಕಿದರೆ ಇದೂ ಎರಡು ಡಿಗ್ರಿ ಚಿಲ್ಲರೆಗೇ ಬಂದು ನಿಲ್ಲುತ್ತದೆ. ಮೇಜಿನ ಮೇಲೆ ಪೆನ್ಸಿಲ್ ನಿಲ್ಲಿಸಬಲ್ಲವರು ಒನಕೆಯನ್ನೂ ನಿಲ್ಲಿಸಬಲ್ಲರು.

ಇದು ನಮ್ಮ ಕಡೆಯ ಕಥೆ ಮಾತ್ರವೂ ಅಲ್ಲ. 2020ರ ಫೆಬ್ರವರಿ 10ರಂದು ಅಮೆರಿಕದಲ್ಲಿ ಒಂದು ಸುದ್ದಿ ಹಬ್ಬಿತು. ಇವತ್ತು ಒಂದು ದಿನ ಮಾತ್ರ ಭೂಮಿಯ ಸೆಳೆತದಿಂದ ಪೊರಕೆ ನೆಟ್ಟಗೆ ನಿಲ್ಲುತ್ತದೆ, ನಾಸಾದವರೇ ಹೇಳಿದ್ದಾರೆ ಅಂತ. ನಾಸಾ ಹಾಗೆ ಹೇಳಿರಲೇ ಇಲ್ಲ. ಎಷ್ಟೋ ಜನ ಪೊರಕೆ ನಿಲ್ಲಿಸಿ ಫೋಟೊ ಹಾಕಿದರು. ಮಾರನೇ ದಿನ ನಾಸಾದ ಗಗನಯಾತ್ರಿ ಆಲ್ವಿನ್ ಡ್ರೂ ಮತ್ತು ವಿಜ್ಞಾನಿ ಸಾರಾ ನೋಬಲ್ ಪೊರಕೆ ಹಿಡಿದು ಬಂದು, ಅವತ್ತೂ ನಿಲ್ಲಿಸಿ ತೋರಿಸಿದರು. ಭಾಷಣ ಮಾಡಲಿಲ್ಲ, ಉಳಿದರ್ಧ ಪ್ರಯೋಗ ಮಾಡಿದರು.

ಹಾಗಾದರೆ ಗ್ರಹಣ ಬಿಟ್ಟಾಗ ಬೀಳುವುದೇಕೆ? ಬೀಳಲೇಬೇಕು ಅಂತಿಲ್ಲ. ಗ್ರಹಣ ಬಿಟ್ಟ ಕೂಡಲೇ ಮನೆಯಲ್ಲಿ ಏನಾಗುತ್ತದೆ ನೆನಪಿಸಿಕೊಳ್ಳಿ. ನೆಲ ತೊಳೆಯುತ್ತಾರೆ, ಸ್ನಾನಕ್ಕೆ ಓಡಾಡುತ್ತಾರೆ, ಬಾಗಿಲು ತೆಗೆಯುತ್ತಾರೆ. ಒನಕೆಯನ್ನು ಎಷ್ಟೋ ಸಲ ಮನೆಯವರೇ ಎತ್ತಿಡುತ್ತಾರೆ. ಗಾಳಿ ಬಾರದ ಕೋಣೆಯಲ್ಲಿ ನಿಲ್ಲಿಸಿ ಬಾಗಿಲು ಹಾಕಿಬಿಡಿ. ಮಾರನೇ ದಿನ ಬೆಳಿಗ್ಗೆ ನೋಡಿ.

ಗ್ರಹಣದ ಬೇರೆ ಮಾತುಗಳನ್ನೂ ಹೀಗೇ ನೋಡಬಹುದು. ದರ್ಭೆ ಹಾಕದಿದ್ದರೆ ಅನ್ನ ಕೆಡುತ್ತದೆ ಅಂತಾರಲ್ಲ, ಒಂದೇ ಪಾತ್ರೆಯ ಅನ್ನವನ್ನು ಎರಡು ಬಟ್ಟಲಿಗೆ ಹಾಕಿ ಒಂದಕ್ಕೆ ದರ್ಭೆ ಇಡಿ. ಎರಡಕ್ಕೂ ಒಂದೇ ಥರ ಮುಚ್ಚಳ ಮುಚ್ಚಿ. ಯಾವುದು ಯಾವುದು ಅಂತ ಗೊತ್ತಿಲ್ಲದವರ ಹತ್ತಿರ ವಾಸನೆ ನೋಡಿಸಿ. ರುಚಿ ನೋಡುವುದು ಬೇಡ, ಹೊತ್ತಾದ ಅನ್ನ ದರ್ಭೆ ಇದ್ದರೂ ಹೊಟ್ಟೆ ಕೆಡಿಸಬಹುದು.

ಒನಕೆ ನಿಂತರೆ ಯಾರಿಗೂ ನಷ್ಟವಿಲ್ಲ, ಸುಮ್ನೆ ಬಿಡಿ ಅಂತ ಕೆಲವರು ಹೇಳುತ್ತಾರೆ. ನಾನು ಬಿಡುವುದಿಲ್ಲ. 'ಗ್ರಹಣಕ್ಕೆ ಏನೋ ಶಕ್ತಿ ಇದೆ, ನೋಡಿ ಒನಕೆಯೇ ನಿಂತಿದೆ' ಅನ್ನುವ ಮಾತು ಅಲ್ಲಿಗೇ ನಿಲ್ಲುವುದಿಲ್ಲ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ಹೊತ್ತಲ್ಲಿ ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯ ಇರುವ ಮಕ್ಕಳನ್ನು ಕುತ್ತಿಗೆವರೆಗೂ ಮಣ್ಣಲ್ಲಿ ಹೂತಿದ್ದರು, ಗುಣವಾಗುತ್ತದೆ ಅಂತ. ಹೂತವರು ಆ ಮಕ್ಕಳನ್ನು ಪ್ರೀತಿಸುವ ಅಪ್ಪ ಅಮ್ಮಂದಿರೇ. ಇವತ್ತಿಗೂ ಎಷ್ಟೋ ಮನೆಗಳಲ್ಲಿ ಗ್ರಹಣ ಮುಗಿಯುವವರೆಗೂ ಬಸುರಿಯರಿಗೆ ಒಂದು ಲೋಟ ನೀರೂ ಕೊಡುವುದಿಲ್ಲ. ಪವಾಡಗಳನ್ನು ಪರೀಕ್ಷೆ ಮಾಡಿ ನೋಡೋಣ ಅಂತ 1976ರಲ್ಲೇ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಸಮಿತಿ ಕಟ್ಟಿದವರು ಆಗ ಅಲ್ಲಿ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು. ಅಂಥ ಕೆಲಸವನ್ನು ಅಡುಗೆಮನೆಯಲ್ಲೇ ಶುರುಮಾಡಬಹುದು ಅನ್ನುವುದು ನನಗೆ ದೊಡ್ಡ ಧೈರ್ಯ.

ಗ್ರಹಣದ ಮಾತುಗಳಲ್ಲಿ ಒಂದನ್ನು ಮಾತ್ರ ತಪ್ಪದೆ ಪಾಲಿಸಿ: ಸೂರ್ಯನನ್ನು ಬರಿಗಣ್ಣಿನಲ್ಲಿ ನೋಡಬಾರದು. ಕಣ್ಣಿನ ಪರದೆ ಸುಟ್ಟುಹೋಗುತ್ತದೆ, ಸುಡುವಾಗ ನೋವೂ ಗೊತ್ತಾಗುವುದಿಲ್ಲ. ಇದನ್ನು ಪ್ರಯೋಗ ಮಾಡಿ ನೋಡಬೇಡಿ.

2027ರ ಆಗಸ್ಟ್ 2ರಂದು ಸಂಜೆ ಕಡೆಗೆ ಕರ್ನಾಟಕದಲ್ಲೂ ಭಾಗಶಃ ಸೂರ್ಯಗ್ರಹಣ ಕಾಣುತ್ತದೆ. ಅದಕ್ಕೆ ಮುಂಚೆ ಮಾಮೂಲಿ ದಿನವೊಂದನ್ನು ಅಣ್ಣನೇ ಆರಿಸಲಿ. ಅಮಾವಾಸ್ಯೆ ಹತ್ತಿರ ಇತ್ತು, ಅದಕ್ಕೇ ನಿಂತಿತು ಅಂತ ಆಮೇಲೆ ಯಾರೂ ಹೇಳದ ಹಾಗೆ ಅಷ್ಟಮಿ, ನವಮಿ ನೋಡಿ ಆರಿಸಿ. ನಿಲ್ಲಿಸುವುದಕ್ಕೆ ಮನೆಯಲ್ಲಿ ಯಾರ ಕೈ ಪಳಗಿದೆಯೋ ಅವರನ್ನೇ ಕೂರಿಸಿ, ಅಜ್ಜಿ ಇದ್ದರೆ ಇನ್ನೂ ಒಳ್ಳೆಯದು. ಒನಕೆಯ ಉದ್ದ, ಬುಡದ ಅಗಲ, ಎಷ್ಟನೇ ಸಲಕ್ಕೆ ನಿಂತಿತು, ಇಷ್ಟನ್ನು ಬರೆದು ಕಳಿಸಿ. ನಿಲ್ಲದಿದ್ದರೂ ಕಳಿಸಿ, ಜೊತೆಗೆ ಬುಡದ ಫೋಟೊ ಇರಲಿ.