ಸ್ಲೋ ಕುಕ್ಕರ್ ಸಾಸೇಜ್ ಕ್ಯಾಸರೋಲ್: ಡಂಪ್ಲಿಂಗ್ ಯಾವಾಗ ಹಾಕಬೇಕು?

ಮೊದಲು ಹೆಸರಿನ ಗೊಂದಲ ಬಗೆಹರಿಸಿಕೊಳ್ಳೋಣ. ನಮ್ಮ ಮನೆಗಳಲ್ಲಿ ಕ್ಯಾಸರೋಲ್ ಅಂದರೆ ಚಪಾತಿ ಬಿಸಿಯಾಗಿಡುವ ಡಬ್ಬಿ. ಡಂಪ್ಲಿಂಗ್ ಅಂದರೆ ಮೋಮೋ. ಇಂಗ್ಲೆಂಡಿಗೆ ಅಡುಗೆ ಕೋರ್ಸ್ ಓದಲು ಬಂದ ಹೊಸದರಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ. ಇಲ್ಲಿ ಕ್ಯಾಸರೋಲ್ ಅಂದರೆ ಮುಚ್ಚಳ ಹಾಕಿ ಓವನ್ನಿನಲ್ಲಿ ನಿಧಾನವಾಗಿ ಬೇಯಿಸಿದ, ಗಟ್ಟಿ ಗ್ರೇವಿಯ ಅಡುಗೆ. ಪಾತ್ರೆಗೂ ಅದೇ ಹೆಸರು, ಒಳಗಿರುವುದಕ್ಕೂ ಅದೇ. ಒಲೆಯ ಮೇಲೆ ಬೇಯಿಸಿದರೆ ಅದು ಸ್ಟ್ಯೂ. ಸ್ಲೋ ಕುಕ್ಕರಿನಲ್ಲಿ, ಅಂದರೆ ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ಕರೆಂಟಿನ ಮಡಕೆಯಲ್ಲಿ ಮಾಡಿದ್ದು ಲೆಕ್ಕಕ್ಕೆ ಎರಡೂ ಅಲ್ಲ, ಆದರೂ ಎಲ್ಲರೂ ಕ್ಯಾಸರೋಲ್ ಅಂತಲೇ ಕರೆಯುತ್ತಾರೆ. ಪರೀಕ್ಷೆಯಲ್ಲಿ ವ್ಯತ್ಯಾಸ ಕೇಳಿದರೆ ಬರೆಯಿರಿ. ಅಡುಗೆಮನೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಇನ್ನು ಡಂಪ್ಲಿಂಗ್. ಇದು ಹೂರಣವಿಲ್ಲದ ಬರೀ ಹಿಟ್ಟಿನ ಉಂಡೆ. ಕೊಡಗಿನಲ್ಲಿ ಪಂದಿ ಕರಿ ಜೊತೆ ಕಡಂಬುಟ್ಟು ತಿಂದವರಿಗೆ ಈ ಜೋಡಿ ತಕ್ಷಣ ಅರ್ಥವಾಗುತ್ತದೆ. ಆದರೆ ಕಡಂಬುಟ್ಟನ್ನು ಬೇರೆಯಾಗಿ ಹಬೆಯಲ್ಲಿ ಬೇಯಿಸುತ್ತಾರೆ. ಇಂಗ್ಲಿಷರ ಉಂಡೆ ಗ್ರೇವಿಯ ಮೇಲೇ ಕೂತು ಬೇಯುತ್ತದೆ. ಕೆಳಗಿನ ಅರ್ಧ ಗ್ರೇವಿಯಲ್ಲಿ, ಮೇಲಿನ ಅರ್ಧ ಹಬೆಯಲ್ಲಿ. ಈ ಅಡುಗೆಯ ಗುಟ್ಟು, ಗೋಳು ಎರಡೂ ಅಲ್ಲೇ ಇವೆ.

ನನ್ನ ಗೋಳು ಹೇಳಿಬಿಡುತ್ತೇನೆ. ಮೊದಲ ಸಲ ಮಾಡಿದಾಗ ಬೆಳಿಗ್ಗೆ 8 ಗಂಟೆಗೆ ತರಕಾರಿ, ಸಾಸೇಜ್, ಉಂಡೆ ಎಲ್ಲವನ್ನೂ ಒಟ್ಟಿಗೆ ತುಂಬಿಸಿ ಕ್ಲಾಸಿಗೆ ಹೋದೆ. ಸಂಜೆ ಬಂದು ಮುಚ್ಚಳ ತೆಗೆದರೆ ಎಂಟು ಉಂಡೆಗಳಲ್ಲಿ ಒಂದೂ ಇಲ್ಲ! ಕಂದು ಬಣ್ಣದ ಅಂಬಲಿಯಲ್ಲಿ ಸಾಸೇಜ್ ಮುಳುಗಿ ಕೂತಿದ್ದವು. ಸೌಟು ಎತ್ತಿದರೆ ಎಳೆ ಎಳೆಯಾಗಿ ಜೋತುಬೀಳುತ್ತಿತ್ತು. ರೂಮ್‌ಮೇಟ್ ಬಗ್ಗಿ ನೋಡಿ, "ಏನೋ ಇದು, ಮೈದಾ ಅಂಟು ಕಾಯಿಸಿದ್ದೀಯಾ? ಪೋಸ್ಟರ್ ಅಂಟಿಸೋದಿತ್ತಾ?" ಅಂದ.

ಯಾಕೆ ಹೀಗಾಯಿತು? ಸ್ಲೋ ಕುಕ್ಕರ್ ಬಿಸಿಯಾಗುವುದಕ್ಕೇ ಗಂಟೆಗಟ್ಟಲೆ ಬೇಕು. ಹಿಟ್ಟಿನಲ್ಲಿರುವ ಬೇಕಿಂಗ್ ಪೌಡರ್ ನೀರು ತಾಗಿದ ಕೂಡಲೇ ಗ್ಯಾಸ್ ಬಿಡಲು ಶುರುಮಾಡುತ್ತದೆ. ಹಿಟ್ಟು ಬೆಂದು ಗಟ್ಟಿಯಾಗಬೇಕಾದರೆ ಸುಮಾರು 60 ಡಿಗ್ರಿ ದಾಟಬೇಕು. ನನ್ನ ಉಂಡೆ ಆ ಬಿಸಿ ಬರುವ ಮೊದಲೇ ಉಗುರುಬೆಚ್ಚಗಿನ ನೀರಿನಲ್ಲಿ ನೆನೆದು ಕರಗಿತ್ತು. ಹಾಗಾಗಿ ಈ ಪಾಠವನ್ನು ಒಂದೇ ಮಾತಿನಲ್ಲಿ ನೆನಪಿಟ್ಟುಕೊಳ್ಳಬೇಕೆಂದರೆ: ಪಾತ್ರೆ ಒಂದೇ, ಗಡಿಯಾರ ಎರಡು. ತರಕಾರಿಗೆ ಹೊತ್ತು ಬೇಕು. ಉಂಡೆಗೆ ಹಾಕಿದ ಕ್ಷಣದಿಂದಲೇ ಜೋರು ಬಿಸಿ ಬೇಕು.

ಸ್ಲೋ ಕುಕ್ಕರಿನ ಹಿಂದಿನ ಕಥೆ ಚೆನ್ನಾಗಿದೆ, ಸಣ್ಣದಾಗಿ ಹೇಳುತ್ತೇನೆ. ಯಹೂದಿಗಳು ಸಬ್ಬತ್ ಅನ್ನುವ ವಾರದ ವಿಶ್ರಾಂತಿಯ ದಿನ ಒಲೆ ಹಚ್ಚುವುದಿಲ್ಲ. ಶುಕ್ರವಾರ ಸೂರ್ಯ ಮುಳುಗುವ ಮೊದಲೇ ಕಾಳು, ಮಾಂಸದ ಮಡಕೆಯನ್ನು ಆರುತ್ತಿರುವ ಓವನ್ನಿನಲ್ಲಿಟ್ಟು ಮರುದಿನ ತೆಗೆಯುತ್ತಿದ್ದರು. ಆ ಅಡುಗೆಗೆ ಚೋಲೆಂಟ್ ಅಂತ ಹೆಸರು. ಅಮೆರಿಕದ ಇರ್ವಿಂಗ್ ನ್ಯಾಕ್ಸನ್ ತಾಯಿಯಿಂದ ಈ ಕಥೆ ಕೇಳಿ ಕರೆಂಟಿನ ಮಡಕೆ ಮಾಡಿದ. 1940ರಲ್ಲಿ ಪೇಟೆಂಟ್ ಸಿಕ್ಕಿತು. ರೈವಲ್ ಕಂಪನಿ ಅವನ ವ್ಯಾಪಾರವನ್ನು ಕೊಂಡು 1971ರಲ್ಲಿ ಅದನ್ನೇ ಕ್ರಾಕ್‌ಪಾಟ್ ಅಂತ ಮಾರಿತು. ಒಲೆ ಮುಟ್ಟದಿರಲು ಹುಟ್ಟಿದ ಅಡುಗೆ, ಹಗಲಿಡೀ ಮನೆಯಲ್ಲಿ ಇರದವರ ಅಡುಗೆಯಾಯಿತು.

ಈಗ ಸಾಮಾನು. ನಾಲ್ಕು ಜನಕ್ಕೆ 8 ಹಂದಿಮಾಂಸದ ಸಾಸೇಜ್, 2 ಈರುಳ್ಳಿ, 3 ಕ್ಯಾರೆಟ್, 2 ಆಲೂಗಡ್ಡೆ, ಒಂದು ದೊಡ್ಡ ಚಮಚ ಮೈದಾ, ಒಂದು ದೊಡ್ಡ ಚಮಚ ಟೊಮೆಟೊ ಪೇಸ್ಟ್, 400 ಮಿ.ಲೀ. ಬಿಸಿ ಸ್ಟಾಕ್ (ಮಾಂಸ ಅಥವಾ ತರಕಾರಿ ಬೇಯಿಸಿ ಸೋಸಿದ ನೀರು), ಒಂದು ಪಲಾವ್ ಎಲೆ, ಸ್ವಲ್ಪ ಥೈಮ್, ಒಂದು ಸಣ್ಣ ಚಮಚ ವೂಸ್ಟರ್ ಸಾಸ್. ಈ ಸಾಸ್ ಬಾಟಲಿಯ ಹಿಂದೆ ಓದಿ ನೋಡಿ: ನಮ್ಮ ಹುಣಸೆಹಣ್ಣು ಇದೆ. ಆ್ಯಂಚೋವಿ ಮೀನೂ ಇದೆ, ಸಸ್ಯಾಹಾರಿಗಳು ಗಮನಿಸಿ.

ಸಾಸೇಜ್ ಕೊಳ್ಳುವಾಗ ಲೇಬಲ್ ಓದುವುದು ನಮ್ಮ ಸಿಲಬಸ್ಸಿನಲ್ಲೇ ಇದೆ. ಬ್ರಿಟನ್ನಿನಲ್ಲಿ 'ಪೋರ್ಕ್ ಸಾಸೇಜ್' ಅಂತ ಹೆಸರಿಡಬೇಕಾದರೆ ಕನಿಷ್ಠ 42% ಹಂದಿಮಾಂಸ ಇರಬೇಕು. ಉಳಿದದ್ದರಲ್ಲಿ ರಸ್ಕ್ ಪುಡಿ, ನೀರು, ಮಸಾಲೆ. ಕಡಿಮೆ ಮಾಂಸದ ಅಗ್ಗದ ಸಾಸೇಜ್ ಎಂಟು ಗಂಟೆ ಬೆಂದರೆ ಬ್ರೆಡ್ ನೆನೆಸಿದ ಹಾಗಾಗುತ್ತದೆ. ನಿಜ ಹೇಳಬೇಕೆಂದರೆ ಸಾಸೇಜಿಗೆ ಇಷ್ಟು ಹೊತ್ತು ಬೇಕಾಗಿಯೇ ಇಲ್ಲ. ಗಟ್ಟಿ ಮಾಂಸವನ್ನು ಮೆತ್ತಗೆ ಮಾಡುವುದು ನಿಧಾನದ ಬೇಯಿಸುವಿಕೆಯ ಕೆಲಸ. ಸಾಸೇಜ್ ಆಗಲೇ ಕೊಚ್ಚಿದ ಮಾಂಸ. ಹೊತ್ತು ಬೇಕಿರುವುದು ಕ್ಯಾರೆಟ್‌ಗೆ, ಈರುಳ್ಳಿಗೆ, ಗ್ರೇವಿಗೆ. ಅದಕ್ಕೇ ನಾನು 'ಲೋ'ದಲ್ಲಿ 6 ಗಂಟೆಗಿಂತ ಜಾಸ್ತಿ ಇಡುವುದಿಲ್ಲ. 'ಹೈ' ಆದರೆ 3ರಿಂದ 4 ಗಂಟೆ ಸಾಕು.

ಮೊದಲು ಬಾಣಲೆಯಲ್ಲಿ ಸ್ವಲ್ಪ ಎಣ್ಣೆ ಹಾಕಿ ಸಾಸೇಜನ್ನು ಎಲ್ಲ ಕಡೆ ಕಂದು ಬಣ್ಣ ಬರುವವರೆಗೆ ಹೊರಳಿಸಿ. ಫೋರ್ಕಿನಿಂದ ಚುಚ್ಚಬೇಡಿ, ರಸ ಹರಿದುಹೋಗುತ್ತದೆ. 'ಸುಮ್ನೆ ಕುಕ್ಕರಿಗೇ ಹಾಕಿದರೆ ಆಗಲ್ವಾ?' ಅಂತ ಕೇಳುವವರಿದ್ದಾರೆ. ಬೇಯುತ್ತದೆ, ಆದರೆ ಬೆಳ್ಳಗೆ ಬೆರಳಿನ ಹಾಗೆ ಕಾಣುತ್ತದೆ. ಹುರಿದ ಘಮ ಬರುವ ಮೈಯಾರ್ ಕ್ರಿಯೆ ಚುರುಕಾಗಲು ಸುಮಾರು 140 ಡಿಗ್ರಿ ಬೇಕು. ನೀರಿರುವ ಪಾತ್ರೆ 100 ದಾಟುವುದಿಲ್ಲ. ಒಳಗೆ ಇನ್ನೂ ಹಸಿ ಇರುವುದರಿಂದ ಹುರಿದ ಸಾಸೇಜನ್ನು ಹಾಗೇ ಬಿಟ್ಟು ಹೋಗಬಾರದು, ನೇರ ಕುಕ್ಕರಿಗೆ ಹೋಗಬೇಕು.

ಅದೇ ಬಾಣಲೆಯಲ್ಲಿ ಈರುಳ್ಳಿ ಬಾಡಿಸಿ, ಮೈದಾ, ಟೊಮೆಟೊ ಪೇಸ್ಟ್ ಹಾಕಿ ತಿರುವಿ, ಬಿಸಿ ಸ್ಟಾಕ್ ಸುರಿದು ತಳ ಕೆರೆಯಿರಿ. ರುಚಿ ಇರುವುದು ಆ ಅಂಟಿದ ಕಂದು ಪದರದಲ್ಲೇ. ಕುಕ್ಕರಿನ ತಳಕ್ಕೆ ಕ್ಯಾರೆಟ್, ಆಲೂಗಡ್ಡೆ, ಅವುಗಳ ಮೇಲೆ ಸಾಸೇಜ್, ಮೇಲಿಂದ ಗ್ರೇವಿ, ಎಲೆ, ಥೈಮ್, ಸಾಸ್. ತಲೆಕೆಳಗು ಅನ್ನಿಸಬಹುದು, ಆದರೆ ಇಲ್ಲಿ ಗೆಡ್ಡೆ ತರಕಾರಿಯೇ ಮಾಂಸಕ್ಕಿಂತ ನಿಧಾನ ಬೇಯುವುದು. ನೀರು ಕಡಿಮೆ ಅನ್ನಿಸಿದರೂ ಸೇರಿಸಬೇಡಿ. ಇದರಲ್ಲಿ ಆವಿ ಹೊರಗೆ ಹೋಗುವುದಿಲ್ಲ, ಮುಚ್ಚಳಕ್ಕೆ ತಾಗಿ ವಾಪಸ್ ಬೀಳುತ್ತದೆ. ಆಗಾಗ ಮುಚ್ಚಳ ತೆಗೆದು ಇಣುಕುವ ಚಪಲವೂ ಬೇಡ. ಒಂದು ಸಲ ತೆಗೆದರೆ ಹೋದ ಬಿಸಿ ಮತ್ತೆ ಬರಲು ಅರ್ಧ ಗಂಟೆಯಾದರೂ ಆಗಬಹುದು.

ಒಂದು ಎಚ್ಚರಿಕೆ. ಕಾಳು ಸೇರಿಸುವ ಆಸೆ ಇದ್ದರೆ ಡಬ್ಬಿಯಲ್ಲಿ ಬರುವ ಬೆಂದ ಕಾಳನ್ನೇ ಹಾಕಿ. ಹಸಿ ರಾಜ್ಮಾವನ್ನು ನೆನೆಸಿ ಸೀದಾ ಸ್ಲೋ ಕುಕ್ಕರಿಗೆ ಹಾಕಲೇಬಾರದು. ಅದರಲ್ಲಿರುವ ಲೆಕ್ಟಿನ್ ಅನ್ನುವ ವಿಷ ಸಣ್ಣ ಬಿಸಿಗೆ ಹೋಗುವುದಿಲ್ಲ. ವಾಂತಿ ಭೇದಿ ಗ್ಯಾರಂಟಿ. ನೆನೆಸಿದ ನೀರು ಚೆಲ್ಲಿ, ಬೇರೆ ನೀರಿನಲ್ಲಿ ಕನಿಷ್ಠ 10 ನಿಮಿಷ ಕೊತಕೊತ ಕುದಿಸಿದ ಮೇಲೆಯೇ ಮುಂದಿನ ಮಾತು. ಊರಿನಲ್ಲಿ ಪ್ರೆಶರ್ ಕುಕ್ಕರ್ ಕೂಗಿಸಿ ಅಭ್ಯಾಸವಾದ ನಮಗೆ ಇದು ಹೊಳೆಯುವುದೇ ಇಲ್ಲ.

ಈಗ ಉಂಡೆ. 150 ಗ್ರಾಂ ಸೆಲ್ಫ್ ರೈಸಿಂಗ್ ಹಿಟ್ಟು, 75 ಗ್ರಾಂ ಸ್ಯೂಯೆಟ್, ಅರ್ಧ ಸಣ್ಣ ಚಮಚ ಉಪ್ಪು, ಸುಮಾರು 100 ಮಿ.ಲೀ. ತಣ್ಣೀರು. ಹಿಟ್ಟಿನ ಅರ್ಧದಷ್ಟು ಕೊಬ್ಬು, ಇಷ್ಟೇ ಲೆಕ್ಕ. ಸೆಲ್ಫ್ ರೈಸಿಂಗ್ ಅಂದರೆ ಬೇಕಿಂಗ್ ಪೌಡರಿನ ಕೆಲಸ ಮಾಡುವ ಪುಡಿ ಆಗಲೇ ಬೆರೆತಿರುವ ಮೈದಾ. 1845ರಲ್ಲಿ ಬ್ರಿಸ್ಟಲ್ಲಿನ ಹೆನ್ರಿ ಜೋನ್ಸ್ ಅನ್ನುವ ಬೇಕರಿಯವನು ಇದಕ್ಕೆ ಪೇಟೆಂಟ್ ತೆಗೆದ. ಸಿಗದಿದ್ದರೆ 150 ಗ್ರಾಂ ಮೈದಾಕ್ಕೆ 2 ಸಣ್ಣ ಚಮಚ ಬೇಕಿಂಗ್ ಪೌಡರ್ ಬೆರೆಸಿ.

ಸ್ಯೂಯೆಟ್ ಅಂದರೆ ದನ ಅಥವಾ ಕುರಿಯ ಮೂತ್ರಪಿಂಡದ ಸುತ್ತ ಇರುವ ಗಟ್ಟಿ ಕೊಬ್ಬು. ಅಂಗಡಿಯಲ್ಲಿ ಸಣ್ಣ ಶಾವಿಗೆ ಚೂರಿನ ಹಾಗೆ ಡಬ್ಬಿಯಲ್ಲಿ ಸಿಗುತ್ತದೆ. ದನದ ಕೊಬ್ಬು ತಿನ್ನದವರಿಗೆ ವೆಜಿಟೆಬಲ್ ಸ್ಯೂಯೆಟ್ ಇದೆ. ಎರಡೂ ಡಬ್ಬಿ ಒಂದೇ ಕಪಾಟಿನಲ್ಲಿ ಅಕ್ಕಪಕ್ಕ ಇರುತ್ತವೆ, ಅವಸರದಲ್ಲಿ ಕೈ ತಪ್ಪಬಾರದು. ಬೆಣ್ಣೆ ಬಿಟ್ಟು ಇದೇ ಯಾಕೆ? ಬೆಣ್ಣೆ ಬೇಗ ಕರಗುತ್ತದೆ. ಸ್ಯೂಯೆಟ್ ಕರಗಲು 45 ಡಿಗ್ರಿಗಿಂತ ಜಾಸ್ತಿ ಬೇಕು. ಅದು ಕರಗುವ ಹೊತ್ತಿಗೆ ಸುತ್ತಲಿನ ಹಿಟ್ಟು ಗಟ್ಟಿಯಾಗಲು ಶುರುವಾಗಿರುತ್ತದೆ. ಕೊಬ್ಬು ಕೂತಿದ್ದ ಜಾಗ ಖಾಲಿ ಗೂಡಾಗಿ ಉಳಿಯುತ್ತದೆ. ಉಂಡೆ ಹಗುರ ಆಗುವುದು ಹಾಗೆ. ಸ್ಯೂಯೆಟ್ ಇಲ್ಲವೆಂದರೆ ಫ್ರೀಜರಿನಲ್ಲಿಟ್ಟ ಬೆಣ್ಣೆಯನ್ನು ತುರಿದು ಹಾಕಬಹುದು. ಪರವಾಗಿಲ್ಲ ಅನ್ನುವಷ್ಟು ಬರುತ್ತದೆ.

ಕಲಸುವುದರಲ್ಲಿ ನಮ್ಮವರು ಎಡವುತ್ತಾರೆ. ಚಪಾತಿ ಹಿಟ್ಟು ನಾದಿದ ಕೈ, ಸುಮ್ಮನಿರುವುದಿಲ್ಲ. ಇಲ್ಲಿ ನಾದಿದಷ್ಟೂ ಉಂಡೆ ರಬ್ಬರ್. ಚಾಕುವಿನಿಂದಲೇ ನೀರು ಬೆರೆಸಿ, ಒಟ್ಟಿಗೆ ಅಂಟಿಕೊಂಡ ಕೂಡಲೇ ನಿಲ್ಲಿಸಿ. ಹಿಟ್ಟು ಕೈಗೆ ಸ್ವಲ್ಪ ಅಂಟುತ್ತಿರಬೇಕು, ಮೇಲೆ ಒರಟೊರಟಾಗಿ ಕಾಣಬೇಕು. ಕೈಗೆ ಹಿಟ್ಟು ಸವರಿಕೊಂಡು ನಿಂಬೆಹಣ್ಣಿನ ಗಾತ್ರದ 8 ಉಂಡೆ ಮಾಡಿ. ದೊಡ್ಡದು ಬೇಡ, ಬೆಂದಾಗ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಕಲಸಿ ಹಾಗೇ ಇಟ್ಟಿರಲೂ ಬಾರದು. ಹಾಕುವ ಹೊತ್ತಿಗೇ ಕಲಸಬೇಕು.

ಊಟಕ್ಕೆ ಒಂದೂಕಾಲು ಗಂಟೆ ಮೊದಲು ಕುಕ್ಕರನ್ನು 'ಹೈ'ಗೆ ತಿರುಗಿಸಿ. ಗ್ರೇವಿ ತೀರಾ ನೀರಾಗಿದ್ದರೆ ಈಗಲೇ ಸ್ವಲ್ಪ ಕಾರ್ನ್‌ಫ್ಲೋರ್ ಕದಡಿ ಹಾಕಿ. ಅಂಚಿನಲ್ಲಿ ಸಣ್ಣ ಗುಳ್ಳೆ ಏಳುವುದು ಕಂಡ ಮೇಲೆಯೇ ಉಂಡೆಗಳನ್ನು ಬಿಡಿಬಿಡಿಯಾಗಿ ಸಾಸೇಜ್ ಮೇಲೆ ಕೂರಿಸಿ. ಒತ್ತಿ ಮುಳುಗಿಸಬೇಡಿ. ಮುಚ್ಚಳ ಹಾಕಿ 45 ನಿಮಿಷದಿಂದ ಒಂದು ಗಂಟೆ ಬಿಡಿ. ಒಂದನ್ನು ಮುರಿದು ನೋಡಿದರೆ ಒಳಗೆ ಇಡ್ಲಿಯ ಹಾಗೆ ತೂತು ತೂತಾಗಿರಬೇಕು. ಮಧ್ಯದಲ್ಲಿ ಜಿಗಿಜಿಗಿ ಅಂಟುತ್ತಿದ್ದರೆ ಇನ್ನೂ ಹತ್ತು ನಿಮಿಷ. ಮೇಲ್ಭಾಗ ಬೆಳ್ಳಗೇ ಇರುತ್ತದೆ. ಗರಿಗರಿ ಬೇಕೆಂದರೆ ಗ್ರಿಲ್ಲಿನ ಬಿಸಿ ತಡೆದುಕೊಳ್ಳುವ ತಟ್ಟೆಗೆ ಬಗ್ಗಿಸಿಕೊಂಡು ಐದು ನಿಮಿಷ ಗ್ರಿಲ್ಲಿನ ಕೆಳಗೆ ಇಡಿ. ಕುಕ್ಕರಿನ ಪಿಂಗಾಣಿ ಮಡಕೆಯನ್ನೇ ಗ್ರಿಲ್ಲಿಗಿಡುವ ಮೊದಲು ಅದರ ಕೈಪಿಡಿ ನೋಡಿ.

ಮಿಕ್ಕಿದ್ದನ್ನು ಒಂದೆರಡು ಗಂಟೆಯೊಳಗೆ ಆರಿಸಿ ಫ್ರಿಜ್ಜಿಗೆ ಸೇರಿಸಿ. ಉಂಡೆಗಳನ್ನು ಬೇರೆ ಡಬ್ಬಿಯಲ್ಲಿಡಿ, ಇಲ್ಲದಿದ್ದರೆ ರಾತ್ರಿಯೆಲ್ಲಾ ಗ್ರೇವಿ ಕುಡಿದು ಬೆಳಿಗ್ಗೆಗೆ ಊದಿಕೊಂಡಿರುತ್ತವೆ. ಮರುದಿನ ಬಿಸಿ ಮಾಡುವುದು ಒಲೆಯ ಮೇಲೆ ಅಥವಾ ಮೈಕ್ರೋವೇವ್‌ನಲ್ಲಿ. ಹೊಗೆಯಾಡುವಷ್ಟು ಬಿಸಿ ಬೇಗ ಬರಬೇಕು, ಸ್ಲೋ ಕುಕ್ಕರಿಗೆ ಆ ಕೆಲಸ ಬರುವುದಿಲ್ಲ.