ದೃಷ್ಟಿನರಕ್ಕೆ ಪೆಟ್ಟಾದರೆ ಕಣ್ಣಿನೊಳಗಿನ ಕೋಶ ಏಕೆ ಸಾಯುತ್ತದೆ?

ಕಾರವಾರದಲ್ಲಿ ನನ್ನ ಜೊತೆ ಓದುತ್ತಿರುವವರಿಗಾಗಿ ಈ ಟಿಪ್ಪಣಿ. ಅಕ್ಷಿಪಟಲದ (ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಗ್ರಹಿಸುವ ಪೊರೆಯ) ಪದರಗಳು ನಿಮಗೆ ಗೊತ್ತೇ ಇವೆ, ಬಿಡುತ್ತೇನೆ. ದೃಷ್ಟಿನರವೆಂದರೆ ನೋಡಿದ್ದನ್ನು ಅಕ್ಷಿಪಟಲದಿಂದ ಮಿದುಳಿಗೆ ಕಳಿಸುವ ಸುಮಾರು 10 ಲಕ್ಷ ಗ್ಯಾಂಗ್ಲಿಯಾನ್ ಕೋಶಗಳ ಆಕ್ಸಾನ್‌ಗಳ, ಅಂದರೆ ಉದ್ದನೆಯ ಎಳೆಗಳ, ಕಟ್ಟು. ಕೋಶಕಾಯ (ಕೋಶಕೇಂದ್ರವಿರುವ ಭಾಗ) ಕಣ್ಣಿನಲ್ಲಿ, ಆಕ್ಸಾನಿನ ತುದಿ ಮಿದುಳಿನಲ್ಲಿ. ಬೈಕಿನಿಂದ ಬಿದ್ದು ಹುಬ್ಬಿಗೆ ಏಟಾದಾಗ ನರ ಜಜ್ಜುವುದು ಕಣ್ಣಿನ ಹಿಂದೆ, ಹೆಚ್ಚಾಗಿ ಮೂಳೆಯ ಕಾಲುವೆಯಲ್ಲಿ. ಹಾಗಿದ್ದರೆ ಏಟೇ ತಗಲದ ಕೋಶಕಾಯ ಏಕೆ ಸಾಯಬೇಕು?

‘ಪೋಷಣೆ ನಿಂತಿತು, ಸತ್ತಿತು’ ಎಂಬುದು ಅರ್ಧ ಉತ್ತರ. ಮಿದುಳಿನ ಕಡೆಯಿಂದ ಬರುವ ಬಿಡಿಎನ್‌ಎಫ್‌ನಂಥ ಪೋಷಕ ಪ್ರೋಟೀನು ನಿಲ್ಲುವುದು ನಿಜ. ಆದರೆ ಪ್ರಯೋಗದಲ್ಲಿ ಅದನ್ನು ಕಣ್ಣಿಗೆ ಚುಚ್ಚಿ ಕೊಟ್ಟರೂ ಸಾವು ಮುಂದೆ ಹೋಗುತ್ತದೆಯೇ ಹೊರತು ತಪ್ಪುವುದಿಲ್ಲ. ದೇವಿಮನೆ ಘಟ್ಟದಲ್ಲಿ ಗುಡ್ಡ ಕುಸಿದರೆ ಕುಮಟಾದ ಮೀನು ಶಿರಸಿಗೆ ಬರುವುದಿಲ್ಲ. ಕುಸಿತದ ಸುದ್ದಿ ಮಾತ್ರ ಬಂದೇ ಬರುತ್ತದೆ. ಕೋಶಕಾಯವನ್ನು ಕೊಲ್ಲುವುದರಲ್ಲಿ ಈ ಸುದ್ದಿಯ ಪಾಲು ದೊಡ್ಡದು.

ಸುದ್ದಿ ಹೊರಡಿಸುವುದು ಡಿಎಲ್‌ಕೆ ಎಂಬ ಕೈನೇಸ್, ಅಂದರೆ ಬೇರೆ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸುವ ಕಿಣ್ವ. ಗಾಯಗೊಂಡ ಆಕ್ಸಾನಿನಲ್ಲಿ ಅದು ಎಚ್ಚೆತ್ತು ಜೆಎನ್‌ಕೆ ಎಂಬ ಇನ್ನೊಂದು ಕೈನೇಸನ್ನು ಎಬ್ಬಿಸುತ್ತದೆ. ಸಂಕೇತ ಹಿಮ್ಮುಖವಾಗಿ ಕೋಶಕೇಂದ್ರ ಸೇರಿ, ಸಿ-ಜುನ್ ಎಂಬ ಜೀನು-ನಿಯಂತ್ರಕ ಪ್ರೋಟೀನಿನ ಮೂಲಕ ಜೀನುಗಳ ಕೆಲಸವನ್ನೇ ಬದಲಿಸುತ್ತದೆ. ಆಮೇಲೆ ಬ್ಯಾಕ್ಸ್ ಎಂಬ ಪ್ರೋಟೀನು ಕೋಶದ ಶಕ್ತಿಕೇಂದ್ರವಾದ ಮೈಟೋಕಾಂಡ್ರಿಯಾದ ಹೊರಪೊರೆಯನ್ನು ತೂತು ಮಾಡುತ್ತದೆ, ಒಳಗಿನ ಸೈಟೋಕ್ರೋಮ್ ಸಿ ಎಂಬ ಪ್ರೋಟೀನು ಸೋರುತ್ತದೆ, ಉಳಿದದ್ದನ್ನು ಕ್ಯಾಸ್ಪೇಸ್ ಎಂಬ ಪ್ರೋಟೀನು ಕತ್ತರಿಸುವ ಕಿಣ್ವಗಳು ಮುಗಿಸುತ್ತವೆ. ಡಿಎಲ್‌ಕೆ ತೆಗೆದ ಇಲಿಗಳಲ್ಲಿ ನರ ಜಜ್ಜಿದರೂ ಬಹಳಷ್ಟು ಕೋಶಗಳು ಉಳಿಯುತ್ತವೆ.

ಇನ್ನು ನನ್ನ ಮೆಚ್ಚಿನ ಇಲಿ: ಬ್ಯಾಕ್ಸ್ ಇಲ್ಲದ್ದು. ಇದರ ನರ ಜಜ್ಜಿದರೆ ಕೋಶಕಾಯ ಸಾಯುವುದಿಲ್ಲ, ಆದರೆ ಆಕ್ಸಾನ್ ಎಂದಿನಂತೆಯೇ ಚೂರುಚೂರಾಗುತ್ತದೆ! ಸಾವು ಒಂದಲ್ಲ, ಎರಡು. ಆಕ್ಸಾನಿಗೆ ಕೋಶಕಾಯದಿಂದ ಎನ್‌ಎಂನಾಟ್2 ಎಂಬ ಅಲ್ಪಾಯುಷಿ ಕಿಣ್ವ ಬರುತ್ತಲೇ ಇರಬೇಕು. ಗಾಯದಾಚೆಗೆ ಅದು ಬಾರದಿದ್ದಾಗ ಸಾರ್ಮ್1 ಎಂಬ ಕಿಣ್ವ ಚುರುಕಾಗಿ, ಶಕ್ತಿ ಉತ್ಪಾದನೆಗೆ ಬೇಕಾದ ಎನ್‌ಎಡಿ ಎಂಬ ಅಣುವನ್ನೆಲ್ಲ ಬರಿದು ಮಾಡುತ್ತದೆ. ಇಲ್ಲಿ ಕೊಲ್ಲುವುದು ಪೂರೈಕೆಯ ಕೊರತೆಯೇ. ನನ್ನ ಸೂತ್ರ: ‘ಬ್ಯಾಕ್ಸ್ ಬುಡಕ್ಕೆ, ಸಾರ್ಮ್ ಸಾಲಿಗೆ.’ ಬುಡವೆಂದರೆ ಕೋಶಕಾಯ, ಸಾಲೆಂದರೆ ಆಕ್ಸಾನ್. ಪ್ರಾಸ ಸ್ವಲ್ಪ ಒರಟು, ಆದರೆ ಪರೀಕ್ಷೆಯಲ್ಲಿ ಕೈಬಿಡುವುದಿಲ್ಲ. ಕೋಶಕಾಯ ಉಳಿಸಿದ ಮಾತ್ರಕ್ಕೆ ದೃಷ್ಟಿ ಏಕೆ ಮರಳುವುದಿಲ್ಲ ಎಂಬ ಪ್ರಶ್ನೆಗೂ ಇದರಲ್ಲೇ ಉತ್ತರವಿದೆ.

ನರ ಜಜ್ಜಿದ ಇಲಿಯಲ್ಲಿ ಎರಡು ವಾರಕ್ಕೆ ಸುಮಾರು 80% ಗ್ಯಾಂಗ್ಲಿಯಾನ್ ಕೋಶಗಳು ಹೋಗುತ್ತವೆ; ಮೆಲನಾಪ್ಸಿನ್ ಎಂಬ ಬೆಳಕು ಗ್ರಹಿಸುವ ಪ್ರೋಟೀನು ಇರುವ ಕೆಲವು ಬಗೆಯವು ಹೆಚ್ಚು ತಾಳಿಕೊಳ್ಳುತ್ತವೆ. ಮನುಷ್ಯನಲ್ಲಿ ಆಪ್ಟಿಕ್ ಡಿಸ್ಕ್ (ಕಣ್ಣಿನೊಳಗೆ ಕಾಣುವ ದೃಷ್ಟಿನರದ ತಲೆ) ಬಿಳಿಚಲು 4ರಿಂದ 6 ವಾರ ಬೇಕು. ಮೊದಲ ದಿನ ಡಿಸ್ಕ್ ಚೆನ್ನಾಗಿ ಕಂಡಿತೆಂದು ನರ ಸರಿಯಿದೆ ಎಂದು ಬರೆಯಬೇಡಿ. ಟಾರ್ಚನ್ನು ಒಂದು ಕಣ್ಣಿನಿಂದ ಇನ್ನೊಂದಕ್ಕೆ ಸರಿಸುತ್ತಾ ನೋಡಿ: ಒಂದೇ ನರಕ್ಕೆ ಪೆಟ್ಟಾಗಿದ್ದರೆ, ಬೆಳಕು ಆ ಕಡೆಗೆ ಬಂದಾಗ ಎರಡೂ ಪಾಪೆಗಳು ಹಿಗ್ಗುತ್ತವೆ.